ನೆಲಹಾಸಿನ ಬೆನ್ನು

ಈನಿಡ್ ಲ್ಯಾಂಗಿಲ್ ಮೂವತ್ತೊಂದನೆಯ ನಂಬರಿನ ನೆಲಹಾಸನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಗುಚಿ ಹಾಕಿದಳು. ಅಂಗೈಯಿಂದ ಎರಡು ಸಲ ಸವರಿದಳು. ಮುಖ ನೋಡುವುದು ಕೊಳ್ಳುವವರ ಕೆಲಸ, ಬೆನ್ನು ನೋಡುವುದು ಕಟ್ಟುವವರ ಕೆಲಸ ಎಂದಳು. ಕಾರ್ಪೊರಲ್ ಏವರ್ಡ್ ಮ್ಯಾಟಟಾಲ್ ಪೊಲೀಸ್ ಟೋಪಿಯನ್ನು ಕುರ್ಚಿಯ ಮೇಲಿಟ್ಟು ಹತ್ತಿರ ಬಂದ.

ನಾಲ್ಕು ವರ್ಷದ ಹಿಂದೆ ನವೆಂಬರಿನಲ್ಲಿ ಬಾತುಕೋಳಿ ಬೇಟೆಗೆಂದು ದೋಣಿ ಇಳಿಸಿ ಮರಳಿ ಬಾರದ ಡೆಲ್ಬರ್ಟ್ ಬಿಗ್ನಿ ಆ ದಿನ ತೊಟ್ಟಿದ್ದ ಕೋಟು ಪಟ್ಟಿಪಟ್ಟಿಯಾಗಿ ಈ ಹಾಸಿನಲ್ಲಿದೆ ಎಂದು ಅವನ ಹೆಂಡತಿ ರೋಸಲೀ ಹಿಂದಿನ ಸಂಜೆ ಗುರುತು ಹಿಡಿದಿದ್ದಳು.

ಈ ಹೊತ್ತು ಬುಧವಾರ. ಶನಿವಾರ ಅವಳಿಗೆ ಮದುವೆ. ಡೆಲ್ಬರ್ಟ್ ಸತ್ತನೆಂದು ನ್ಯಾಯಾಲಯ ಆಗಸ್ಟಿನಲ್ಲಿ ಕಾಗದ ಕೊಟ್ಟ ಮೇಲೆಯೇ ಚರ್ಚಿನಲ್ಲಿ ದಿನ ಗೊತ್ತುಮಾಡಿದ್ದು. ಬೆಳಿಗ್ಗೆ ಏವರ್ಡನ ಮನೆಯ ಮೆಟ್ಟಿಲ ಮೇಲೆ ನಿಂತು ಅವಳು ಕೇಳಿದ್ದು ಇಷ್ಟೇ. ತಾನು ವಿಧವೆ ಹೌದೋ ಅಲ್ಲವೋ, ಶನಿವಾರದೊಳಗೆ ತಿಳಿಯಬೇಕು. ಅತ್ತಿರಲಿಲ್ಲ. ಕೈಯಲ್ಲಿ ಲಾರಿಯ ಬೀಗದಕೈಯಂತೆ ಏನನ್ನೋ ತಿರುಗಿಸುತ್ತಿದ್ದಳು. ನೋಡಿದರೆ ಅದು ಅವಳ ಹಳೆಯ ಉಂಗುರ.

ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಕಡಲ ದಂಡೆಯ ಕಲಾವಿದರೆಲ್ಲ ಹಳೆಯ ಬೆಣ್ಣೆ ಕಾರ್ಖಾನೆಯಲ್ಲಿ ತಮ್ಮ ಕೆಲಸ ತಂದು ತೋರಿಸುತ್ತಾರೆ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಯಿತು, ಗೋಡೆ ಬಿಳಿಮಾಡಿ ಗ್ಯಾಲರಿ ಮಾಡಿದರೂ ಬಿಸಿಲು ಏರಿದ ದಿನ ಇನ್ನೂ ಹುಳಿ ಮಜ್ಜಿಗೆಯ ವಾಸನೆ ಬರುತ್ತದೆ. ದೋಣಿಯ ಚಿತ್ರ ಬರೆಯುವವರು, ಸೀಡರ್ ಮರದಲ್ಲಿ ಬಾತುಕೋಳಿ ಕೆತ್ತುವವರು, ಕೌದಿ ಹೊಲಿಯುವವರು, ಗೋಣಿಯ ಮೇಲೆ ಉಣ್ಣೆಪಟ್ಟಿಯನ್ನು ಕೊಕ್ಕೆಯಿಂದ ಎಳೆದೆಳೆದು ನೆಲಹಾಸು ಕಟ್ಟುವವರು, ಎಲ್ಲರೂ ಇರುತ್ತಾರೆ. ಊರಿನವರು ಓಟು ಹಾಕುತ್ತಾರೆ. ಭಾನುವಾರ ಎಣಿಕೆ ಆಗುವವರೆಗೆ ಕೆಲಸದ ಪಕ್ಕ ನಂಬರು ಮಾತ್ರ, ಹೆಸರು ಲಕೋಟೆಯೊಳಗೆ. ನೆಂಟರಿಗೆ ಓಟು ಹಾಕುತ್ತಾರೆಂಬ ಕಾರಣಕ್ಕೆ ಮಾಡಿದ ಏರ್ಪಾಡು. ಇಡೀ ದಂಡೆಯಲ್ಲಿ ನೆಂಟರಲ್ಲದವರು ಯಾರೂ ಇಲ್ಲ.

ಲಕೋಟೆ ಒಡೆಯಿರಿ ಎಂದು ಏವರ್ಡ್ ಒಂದು ಸಲ ಕೇಳಿ ನೋಡಿದ್ದ. ಗ್ಯಾಲರಿ ನೋಡಿಕೊಳ್ಳುವ ಈನಿಡ್ ಹದಿನಾರು ವರ್ಷದಲ್ಲಿ ಒಮ್ಮೆಯೂ ಎಣಿಕೆಗೆ ಮುಂಚೆ ಒಡೆದವಳಲ್ಲ.

"ನ್ಯಾಯಾಧೀಶರ ಆಜ್ಞೆ ತಗೊಂಡು ಬಾ, ಒಡೀತೀನಿ" ಎಂದಿದ್ದಳು. "ಅದಕ್ಕೆ ಎರಡು ದಿನ ಬೇಕು ಅಂತ ನಿನಗೂ ಗೊತ್ತು. ಲಕೋಟೆ ಒಡೆಯಬಾರದು ಅಂತಷ್ಟೇ ನಿಯಮ ಇರೋದು, ಏವರ್ಡ್. ಬೆನ್ನು ಓದಬಾರದು ಅಂತ ಯಾರೂ ಬರೆದಿಲ್ಲ."

ಈಗ ಓದತೊಡಗಿದಳು. ಮೂವತ್ತು ವರ್ಷ ಉಣ್ಣೆ ಗಿರಣಿಯಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸಿದ ಕಣ್ಣು ಅವಳದು. ಸಾಸಿವೆ ಹಳದಿ, ಕಡಲಿನ ನೀಲಿ. ಬಟ್ಟೆಯಾಗಿದ್ದಾಗ ಚೌಕಳಿ, ಕತ್ತರಿಸಿದ ಮೇಲೆ ನೀಲಿಯ ನಡುನಡುವೆ ಬೆರಳಗಲಕ್ಕೊಂದು ಹಳದಿ ಚುಕ್ಕೆ. ಹಾಸಿನ ಮುಖದಲ್ಲಿ ಅದೇ ನೀರಾಗಿತ್ತು. ಸಂಜೆ ಬಿಸಿಲು ಬಿದ್ದ ನೀರು, ಅದರಾಚೆ ಸ್ಪ್ರೂಸ್ ಮರಗಳ ಒಂದು ಗುಂಪು. ಆ ಬಟ್ಟೆಯನ್ನು ಡೆಲ್ಬರ್ಟನ ದೊಡ್ಡಮ್ಮ ತನ್ನ ಮಗ್ಗದಲ್ಲಿ ನೇಯ್ದಿದ್ದಳು. ಒಂದೇ ತುಂಡು, ಒಂದೇ ಕೋಟು. ಆಕೆ ತೀರಿಕೊಂಡ ಮೇಲೆ ಮಗ್ಗವನ್ನು ಬಿಚ್ಚಿ ಕೋಳಿಗೂಡಿಗೆ ಬಳಸಿದರು. ರೋಸಲೀ ತಪ್ಪು ಹೇಳಿರಲಿಲ್ಲ.

ನೀರಿಗೆ ಬಿದ್ದವನ ಮೈಯಿಂದ ಕೋಟು ಕಳಚಿ ದಡಕ್ಕೆ ಬಂದಿದ್ದರೆ, ಯಾರೋ ಎತ್ತಿಕೊಂಡು ಹೋಗಿದ್ದರೆ, ಎಂದು ಏವರ್ಡ್ ಕೇಳಿದ.

ಈನಿಡ್ ಒಂದು ಪಟ್ಟಿಯ ತುದಿಯನ್ನು ಉಗುರಿನಿಂದ ಎತ್ತಿ ಬಿಡಿಸಿ ತೋರಿಸಿದಳು. ಉಪ್ಪುನೀರಿನಲ್ಲಿ ಹೊರಳಾಡಿದ ಉಣ್ಣೆ ಕುಗ್ಗಿ ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಇದರ ಎಳೆ ಬಿಡಿಬಿಡಿಯಾಗಿತ್ತು. ಈ ಕೋಟು ಸಮುದ್ರ ಕಂಡಿಲ್ಲ ಎಂದಳು.

ಏವರ್ಡ್ ತನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡ. ಅಲ್ಲಿಗೆ ಡೆಲ್ಬರ್ಟನೂ ಆ ದಿನ ಸಮುದ್ರದ ಪಾಲಾಗಿರಲಿಲ್ಲ, ಅಥವಾ ಕೋಟಿಲ್ಲದೆ ಆಗಿದ್ದ. ಖಾಲಿ ದೋಣಿಯನ್ನು ಮೊದಲು ಕಂಡವನು ಗಾರ್ನೆಟ್ ಪ್ಯಾಟ್ರಿಕಿನ್. ಡೆಲ್ಬರ್ಟನ ಜೊತೆ ಹತ್ತು ವರ್ಷ ಒಂದೇ ದೋಣಿಯಲ್ಲಿ ಲಾಬ್ಸ್ಟರ್ ಹಿಡಿದವನು, ಈಗ ಮೀನಿನ ಲಾರಿ ಓಡಿಸುವವನು, ಶನಿವಾರದ ಮದುಮಗ. ಊರಿನ ಬಾಯಿಗೆ ಅಷ್ಟು ಸಾಕಾಗಿತ್ತು. ಏವರ್ಡ್ ಮಾತ್ರ ಊರಿನ ಬಾಯಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವವನಲ್ಲ.

"ಕಟ್ಟಿದ್ದು ಯಾರು, ಈನಿಡ್ ಅಕ್ಕ?"

"ಎಡಗೈಯವಳು. ಸಾಲು ತಿರುಗಿರೋ ಕಡೆ ನೋಡು, ಬಲಗೈಯವರು ಯಾರೂ ಹೀಗೆ ತಿರುಗಿಸಲ್ಲ. ಎಡಗೈಯವರು ನಮ್ಮಲ್ಲಿ ಇಬ್ಬರು. ಒಬ್ಬಳು ಮರ್ಟಲ್."

ಮರ್ಟಲ್‌ಗೆ ಭುಜ ನೋವು ಬಂದು ಎರಡು ಚಳಿಗಾಲವಾಗಿದೆ, ಕೊಕ್ಕೆ ಮುಟ್ಟಿಲ್ಲ. ಹಾಸಿನ ಬೆನ್ನಿನ ಗೋಣಿ ಒಂದು ಮೇವಿನ ಚೀಲ, ಅದರ ಮೇಲೆ ಅಚ್ಚಾಗಿದ್ದದ್ದು ಕುರಿಯ ತಲೆ. ಆ ಕಂಪನಿಯ ಚೀಲದ ಮೇಲೆ ಹೋದ ವರ್ಷದ ಶರತ್ಕಾಲದವರೆಗೂ ಹುಂಜದ ಗುರುತಿತ್ತು. ಅಂದರೆ ಹಾಸು ಕಟ್ಟಿದ್ದು ಈಚಿನ ಒಂದು ವರ್ಷದೊಳಗೆ.

ಇನ್ನೊಬ್ಬ ಎಡಗೈಯವಳ ಹೆಸರನ್ನು ಈನಿಡ್ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ವೆಸ್ಟಾ ಬಿಗ್ನಿ, ಡೆಲ್ಬರ್ಟನ ತಾಯಿ.

ಆಮೇಲೆ ಈನಿಡ್ ನಿಧಾನವಾಗಿ ಹೇಳಿದಳು, ಇದರಲ್ಲಿ ಅಪರಾಧ ಹುಡುಕಬೇಡ. ಮಗ ದೋಣಿ ಇಳಿಸುವ ಮುನ್ನ ಕೋಟನ್ನು ತಾಯಿಯ ಮನೆಯಲ್ಲಿ ಬಿಟ್ಟು ಹೋಗಿರಬಹುದು, ತಾಯಿ ಅದನ್ನು ಗೋಡೆಗೆ ತೂಗುವ ಹಾಗೆ ಕಟ್ಟಿಕೊಂಡಿರಬಹುದು. ತನ್ನ ತಾಯಿಯೂ ತಂದೆಯ ಅಂಗಿಗಳನ್ನೆಲ್ಲ ಒಂದು ತೂಗುಪಟ ಮಾಡಿ ಮಂಚದ ತಲೆಗೆ ಹಾಕಿಕೊಂಡಿದ್ದಳು. ಕಟ್ಟುವುದು ತಪ್ಪಲ್ಲ.

"ಗೋಡೆಗೆ ಕಟ್ಟಬಹುದು, ದಿಂಬಿಗೆ ಕಟ್ಟಬಹುದು. ಸತ್ತವರ ಬಟ್ಟೆ ನೆಲಕ್ಕೆ ಹಾಕಲ್ಲ, ಅಷ್ಟೇ. ನಮ್ಮೋರ ಮೈಮೇಲಿದ್ದದ್ದನ್ನ ಯಾರು ತುಳೀತಾರೆ?"

ಹಾಗೆಂದು ಹಾಸನ್ನು ಸುತ್ತಿ ಅವನ ಕೈಗೆ ಕೊಡಲು ಎತ್ತಿದಳು. ಎತ್ತಿದ್ದೇ ಮೇಜಿನ ಮೇಲೆ ಏನೋ ಉದುರಿತು.

ಮರಳು. ಒಣಗಿದ ಮೀನಿನ ಹುರುಪೆ ಒಂದು. ಕೋಳಿಗೆ ಹಾಕುವ ನುಚ್ಚು ಜೋಳದ ನಾಲ್ಕು ಕಾಳು.

ಈನಿಡ್ ಹಾಸನ್ನು ಮತ್ತೆ ಹರಡಿದಳು, ಈ ಸಲ ಮುಖ ಮೇಲಾಗಿ. ಕನ್ನಡಕ ಸರಿಮಾಡಿಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದಳು. ಒಂದು ಬದಿಯ ನಡುವೆ, ಎರಡು ಪಾದ ಊರುವಷ್ಟು ಜಾಗದಲ್ಲಿ, ಉಣ್ಣೆ ಚಪ್ಪಟೆಯಾಗಿ ಮಲಗಿತ್ತು. ಪಾತ್ರೆ ತೊಳೆಯುವವರು ನಿಲ್ಲುವ ಜಾಗ.

"ಏವರ್ಡ್, ಇದನ್ನ ತಿಂಗಳುಗಟ್ಟಲೆ ತುಳಿದಿದ್ದಾರೆ."

ಅವಳ ಮುಖ ಬಿಳುಚಿತ್ತು. ವೆಸ್ಟಾ ಸತ್ತ ಮಗನ ಕೋಟಿನ ಮೇಲೆ ನಿಂತು ಪಾತ್ರೆ ತೊಳೆಯುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಏವರ್ಡ್ ಹಾಸನ್ನು ಕಂಕುಳಲ್ಲಿ ಇರುಕಿಕೊಂಡು, ಟೋಪಿ ಮರೆತು, ಮತ್ತೆ ಬಂದು ಟೋಪಿ ತೆಗೆದುಕೊಂಡು ಹೋದ.

ವೆಸ್ಟಾಳ ಮನೆ ಕೊಲ್ಲಿಯ ಆಚೆ ತುದಿಯಲ್ಲಿ. ದಾರಿಯಲ್ಲಿ ಬ್ಲೂಬೆರಿ ಹೊಲಗಳು ಕೆಂಪಾಗಿದ್ದವು. ರೋಸಲೀ ಇದ್ದ ಮನೆಯ ಮುಂದೆ ಹಾದುಹೋಗುವಾಗ ಏವರ್ಡ್ ಕಾರು ನಿಧಾನ ಮಾಡಿದ. ಬಾಗಿಲು ಹಾಕಿತ್ತು. ಮಧ್ಯಾಹ್ನ ಗಾರ್ನೆಟ್‌ನ ಲಾರಿಯಲ್ಲಿ ಪೇಟೆಗೆ ಹೋಗಿ ಕೇಕು, ಜೋಡು ತರುವುದಿದೆ, ಸಂಜೆಗೆ ಬಂದುಬಿಡುತ್ತೇನೆ ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು.

ಅತ್ತೆ ಸೊಸೆಗೆ ಮಾತು ನಿಂತು ಎರಡು ತಿಂಗಳು. ಮಗ ಸತ್ತನೆಂಬ ಕಾಗದಕ್ಕೆ ಸೊಸೆ ಅರ್ಜಿ ಹಾಕಿದಾಗ ಮುದುಕಿ ರುಜು ಮಾಡಲು ಒಪ್ಪಿರಲಿಲ್ಲ. ತಾಯಿಗೆ ಒಪ್ಪಲು ಮನಸ್ಸಾಗದು ಎಂದು ಎಲ್ಲರೂ ಅಂದುಕೊಂಡರು. ಏವರ್ಡನೂ ಹಾಗೆಯೇ ಅಂದುಕೊಂಡಿದ್ದ.

ವೆಸ್ಟಾ ಅಡುಗೆಮನೆಯಲ್ಲಿ ಟರ್ನಿಪ್ ಗೆಡ್ಡೆಗಳ ಸಿಪ್ಪೆ ತೆಗೆಯುತ್ತಿದ್ದಳು. ಎಪ್ಪತ್ತೆಂಟು ವರ್ಷ. ಎಡಗೈಯಲ್ಲಿ ಚಾಕು. ಅವನ ಕಂಕುಳಲ್ಲಿದ್ದುದನ್ನು ನೋಡಿದಳು, ಚಾಕು ನಿಲ್ಲಲಿಲ್ಲ. ಕೂತುಕೋ ಎಂದಳು. ಚಹಾ ಕುದಿದು ಕಪ್ಪಾಗಿದೆ, ಬೇಕಾದರೆ ಕುಡಿ ಎಂದಳು. ಕಾಕಂಬಿಯ ಬ್ರೆಡ್ಡು, ಬೆಣ್ಣೆ ಮೇಜಿನ ಮೇಲಿತ್ತು. ಏವರ್ಡ್ ಬೂಟು ಬಾಗಿಲಲ್ಲೇ ಬಿಚ್ಚಿ ಒಳಗೆ ಬಂದ. ಕಾಲುಚೀಲದಲ್ಲಿ ನಿಂತ ಪೊಲೀಸಿನವನಿಗೆ ಅರ್ಧ ಅಧಿಕಾರವೂ ಉಳಿಯುವುದಿಲ್ಲ, ಆದರೆ ನಮ್ಮ ದಂಡೆಯಲ್ಲಿ ಬೂಟು ಹಾಕಿಕೊಂಡು ಅಡುಗೆಮನೆಗೆ ಬರುವವರಿಗೆ ಯಾರೂ ಉತ್ತರ ಕೊಡುವುದಿಲ್ಲ.

ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನೆಲದ ಹಸಿರು ಬಣ್ಣ ಒಂದು ಚೌಕದಲ್ಲಿ ಮಾತ್ರ ಗಾಢವಾಗಿತ್ತು. ಸುತ್ತಲೂ ಮಾಸಿತ್ತು. ಏವರ್ಡ್ ಬಗ್ಗಿ ಹಾಸನ್ನು ಆ ಚೌಕದ ಮೇಲೆ ಬಿಡಿಸಿದ. ಅಂಚಿಗೆ ಅಂಚು ಸರಿಯಾಗಿ ಕೂತಿತು.

"ಇದು ನಿಮ್ಮದು, ವೆಸ್ಟಾ ಚಿಕ್ಕಮ್ಮ."

"ಭಾನುವಾರದವರೆಗೆ ಅದಕ್ಕೆ ನಂಬರು ಮಾತ್ರ ಅಲ್ವೇ?"

"ಈನಿಡ್ ಅಕ್ಕ ಲಕೋಟೆ ಒಡೆದಿಲ್ಲ."

"ಒಡೆಯೋಳಲ್ಲ ಬಿಡು" ಎಂದು ಮುದುಕಿ ಇನ್ನೊಂದು ಟರ್ನಿಪ್ ಎತ್ತಿಕೊಂಡಳು. "ಬೈಬಲ್ಲಿನ ಹತ್ತು ಆಜ್ಞೆ ಹೇಳು ಅಂದ್ರೆ ಏಳಕ್ಕೆ ನಿಂತುಬಿಡ್ತಿದ್ದ ಹುಡುಗ ನೀನು. ಭಾನುವಾರದ ಪಾಠದಲ್ಲಿ ನಿನಗೆ ನಾನು ಎಷ್ಟು ಸಲ ಕಿವಿ ಹಿಂಡಿದೀನೋ. ಈಗ ನೀನು ನನ್ನನ್ನ ಕೇಳೋಕೆ ಬಂದಿದೀಯ."

ಏವರ್ಡ್ ನಕ್ಕ, ಆದರೆ ಎದ್ದು ಹೋಗಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದ. ಅವಸರ ಮಾಡಿದರೆ ಈಕೆ ಬಾಯಿ ಮುಚ್ಚುತ್ತಾಳೆ ಎಂದು ಬಲ್ಲ. ತಿಂದಾದ ಮೇಲೆ, ಕೋಟು ಎಲ್ಲಿಂದ ಬಂತು ಎಂದು ಕೇಳಿದ. ಚರ್ಚಿನ ಹಳೆಬಟ್ಟೆ ಚೀಲದಲ್ಲಿ ಬಂತು ಎಂದಳು. ಯಾವ ತಿಂಗಳ ಚೀಲ ಎಂದು ಕೇಳಿದ. ನೆನಪಿಲ್ಲ ಎಂದಳು. ಅಕ್ಕನೇ ನೇಯ್ದ ಬಟ್ಟೆ, ಮಗನ ಮೈಮೇಲೆ ಹನ್ನೊಂದು ವರ್ಷ ನೋಡಿದ ಬಟ್ಟೆ, ಅದು ಚೀಲದಿಂದ ಹೊರಗೆ ಬಂದ ದಿನ ನೆನಪಿಲ್ಲವೇ ಎಂದು ಕೇಳಿದ. ಸಿಪ್ಪೆ ಮಾತ್ರ ಉದ್ದಕ್ಕೆ ಇಳಿಯುತ್ತ ಹೋಯಿತು.

"ಹಾಗಾದ್ರೆ ನಾನೇ ಹೇಳ್ತೀನಿ" ಎಂದ ಏವರ್ಡ್. "ತಪ್ಪಿದ್ರೆ ಹೇಳಿ. ಇದು ಗೋಡೆಗೆ ಅಂತ ಕಟ್ಟಿದ್ದಲ್ಲ, ನೆಲಕ್ಕೆ ಅಂತ ಕಟ್ಟಿದ್ದು. ಇಲ್ಲೇ ಹಾಕಿದ್ರಿ, ಇಲ್ಲೇ ನಿಂತು ಪಾತ್ರೆ ತೊಳೆದ್ರಿ. ಸತ್ತವನ ಕೋಟನ್ನ ನೀವು ತುಳಿಯೋರಲ್ಲ. ಕಟ್ಟಿದಾಗ ಡೆಲ್ಬರ್ಟ್ ಬದುಕಿದ್ದ. ಅದು ನಿಮಗೆ ಗೊತ್ತಿತ್ತು."

ಚಾಕು ನಿಂತಿತು.

ವೆಸ್ಟಾ ಕಿಟಕಿಯ ಕಡೆ ನೋಡಿದಳು. ಹೊರಗೆ ಕೋಳಿಗಳು ಬೇಲಿಯ ಬುಡದಲ್ಲಿ ಕೆದಕುತ್ತಿದ್ದವು. ಬೈಬಲ್ಲಿನ ಮೇಲೆ ಕೈಯಿಟ್ಟು ಒಂದು ಮಾತು ಕೊಟ್ಟಿದ್ದೇನೆ, ಮಗನ ವಿಷಯ ನನ್ನ ಬಾಯಿಂದ ಬರುವುದಿಲ್ಲ ಎಂದಳು. ಯಾಕೆ ಹೋದ ಎಂದು ಕೇಳಬೇಡ. ಎಲ್ಲಿಗೆ ಹೋದ ಎಂದೂ ಕೇಳಬೇಡ, ಅದು ನನಗೂ ಗೊತ್ತಿಲ್ಲ.

ಹೇಳದೆ ಇದ್ದರೂ ಹೇಳಿದ ಹಾಗಾಯಿತು. ಏವರ್ಡ್ ಪುಸ್ತಕ ತೆರೆಯಲಿಲ್ಲ.

ಆಕೆ ಎದ್ದು ಗೋಡೆಯ ಕಪಾಟಿನಿಂದ ಒಂದು ಚಹಾ ಡಬ್ಬಿ ತಂದಳು. ಅದರೊಳಗೆ ಗುಂಡುಸೂಜಿಯ ತೂತಿದ್ದ ಕಂದು ಕಾಗದದ ಒಂದು ಚೂರು. ಪೆನ್ಸಿಲಿನಲ್ಲಿ ಬರೆದದ್ದು. ಮೇಲೆ ಜನವರಿಯ ತಾರೀಖು, ಈ ವರ್ಷದ್ದು. *ಅಮ್ಮ, ಹೊಸ ಕೋಟು ತಗೊಂಡೆ. ಇದರ ಮೊಣಕೈ ಹರಿದಿದೆ, ಉಳಿದದ್ದು ಚೆನ್ನಾಗಿದೆ. ನಿನ್ನ ಹಾಸಿಗಾಗುತ್ತೆ.*

ಉಣ್ಣೆ ಬಿಸಾಡಬಾರದೆಂದು ಹುಟ್ಟಿದಂದಿನಿಂದ ಕೇಳಿಕೊಂಡು ಬೆಳೆದವನು ಮಾತ್ರ ಹೀಗೆ ಬರೆಯಬಲ್ಲ. ಊರಿಗೆಲ್ಲ ಸತ್ತವನಾಗಿದ್ದುಕೊಂಡು, ಹಳೆಯ ಕೋಟನ್ನು ಸುಡಲು ಕೈಬಾರದೆ ತಾಯಿಗೆ ಕಳಿಸಿದ್ದಾನೆ. ತಾಯಿಗೂ ಅದನ್ನು ಮುಚ್ಚಿಡಲು ಕೈಬಂದಿಲ್ಲ. ಕತ್ತರಿಸಿ, ಕಟ್ಟಿ, ನೆಲಕ್ಕೆ ಹಾಸಿದ್ದಾಳೆ. ಏವರ್ಡ್ ಆ ಅಕ್ಷರಗಳನ್ನು ಗುರುತಿಸಿದ. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು.

ಅವನಿಗೆ ಒಂದು ಕಡೆ ಸಮಾಧಾನವಾಯಿತು ಎಂದೇ ಹೇಳಬೇಕು. ಕೊಲೆಯಿಲ್ಲ, ಹೆಣವಿಲ್ಲ. ಓಡಿಹೋದ ಗಂಡ, ಅಷ್ಟೇ. ರೋಸಲೀ ವಿಧವೆಯಲ್ಲ. ಮದುವೆ ನಿಲ್ಲುತ್ತದೆ, ಅವಳು ಒಂದು ವರ್ಷ ಊರಿನಲ್ಲಿ ತಲೆತಗ್ಗಿಸಿ ನಡೆಯುತ್ತಾಳೆ, ಆಮೇಲೆ ಎಲ್ಲ ತಿಳಿಯಾಗುತ್ತದೆ. ಸಂಜೆ ಅವಳಿಗೆ ಹೇಗೆ ಹೇಳುವುದು ಎಂದು ಮಾತು ಜೋಡಿಸತೊಡಗಿದ.

"ಈ ಕೋಟು ಅಂಚೆಯಲ್ಲಿ ಬಂದಿಲ್ಲ" ಎಂದ. "ಅಂಚೆಯಲ್ಲಿ ಬಂದಿದ್ರೆ ಊರಿಗೇ ಗೊತ್ತಾಗ್ತಿತ್ತು. ತಂದುಕೊಟ್ಟೋರು ಯಾರು?"

ಮುದುಕಿ ಡಬ್ಬಿಯ ಮುಚ್ಚಳ ಹಾಕಿದಳು. ಯೋಚಿಸಿದಳು. ಲೆಕ್ಕ ಒಪ್ಪಿತೆಂಬಂತೆ ಒಮ್ಮೆ ತಲೆ ಆಡಿಸಿದಳು.

"ಆಣೆ ಇಟ್ಟಿದ್ದು ಮಗನ ವಿಷಯಕ್ಕೆ. ಗಾರ್ನೆಟ್ ವಿಷಯಕ್ಕೆ ಆಣೆ ಇಟ್ಟಿಲ್ಲ."

ಏವರ್ಡ್ ಕಪ್ಪನ್ನು ಕೆಳಗಿಟ್ಟ.

ಆಮೇಲಿನದನ್ನು ಅವಳು ನಿಲ್ಲಿಸದೆ ಹೇಳಿದಳು, ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ. ಆ ನವೆಂಬರಿನಲ್ಲಿ ಗಾರ್ನೆಟ್‌ನೇ ದೋಣಿಯನ್ನು ಖಾಲಿ ಬಿಟ್ಟು ಬಂದದ್ದು, ಮಾರನೆಯ ದಿನ ಗಾರ್ನೆಟ್‌ನೇ ಅದನ್ನು ಕಂಡೆನೆಂದು ಕೂಗಿಕೊಂಡದ್ದು. ಹತ್ತು ದಿನ ಊರಿನ ಗಂಡಸರೆಲ್ಲ ನೀರು ಜಾಲಾಡುವಾಗ ಅವನೂ ಜೊತೆಗಿದ್ದು ಜಾಲಾಡಿದ. ತಿಂಗಳಿಗೊಂದು ಸಲ ಮೀನಿನ ಲಾರಿ ತೆಗೆದುಕೊಂಡು ದೂರದ ಊರಿಗೆ ಹೋಗುವವನು, ಬರುವಾಗ ಒಂದು ಕಾಗದ ತರುತ್ತಿದ್ದ. ಓದಿ ಅವನೆದುರಿಗೇ ಒಲೆಗೆ ಹಾಕಬೇಕಿತ್ತು, ಕೋಟಿನ ಒಳಗೆ ಚುಚ್ಚಿದ್ದ ಆ ಒಂದು ಚೂರು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೂರೂವರೆ ವರ್ಷ ಒಂದು ತಿಂಗಳೂ ತಪ್ಪಲಿಲ್ಲ. ಎಲ್ಲಿ ಭೇಟಿಯಾಗುತ್ತಾರೆ, ಹೇಗಿದ್ದಾನೆ, ಗಾರ್ನೆಟ್ ಒಬ್ಬನಿಗೇ ಗೊತ್ತು.

ಏವರ್ಡ್ ಕೇಳುತ್ತ ಕೇಳುತ್ತ ಇನ್ನೊಂದನ್ನು ಯೋಚಿಸುತ್ತಿದ್ದ. ಗೆಳೆಯ ಬದುಕಿದ್ದಾನೆಂದು ಬಲ್ಲ ಮನುಷ್ಯ ಆ ಗೆಳೆಯನ ಹೆಂಡತಿಯ ಜೊತೆ ಚರ್ಚಿನಲ್ಲಿ ನಿಲ್ಲಲು ಹೊರಟಿದ್ದಾನೆ. ಡೆಲ್ಬರ್ಟ್ ಎಂದೋ ಒಂದು ದಿನ ಬಸ್ಸಿನಿಂದ ಇಳಿದರೆ ಏನು ಎಂಬ ಭಯವೇ ಇಲ್ಲವೇ ಅವನಿಗೆ?

ಮದುವೆಯ ಸುದ್ದಿ ಡೆಲ್ಬರ್ಟ್‌ಗೆ ಗೊತ್ತಿದೆಯೇ ಎಂದು ಕೇಳಿದ. ಅವಳಿಗೆ ತಿಳಿಯದು. ಹಾಸನ್ನು ಪ್ರದರ್ಶನಕ್ಕೆ ಯಾಕೆ ಕೊಟ್ಟಿರಿ ಎಂದು ಕೇಳಿದ. ಸೊಸೆ ವರ್ಷವೂ ಬಂದು ಪ್ರತಿಯೊಂದು ಹಾಸಿನ ಮುಂದೆ ನಿಂತು ನೋಡುತ್ತಾಳೆ, ಅವಳ ಕಣ್ಣಿಗೆ ಬೀಳಲಿ ಎಂದೇ ಕೊಟ್ಟೆ ಎಂದಳು.

"ರೋಸಲೀ ಈಗ ಎಲ್ಲಿದ್ದಾಳೆ?" ಎಂದು ಮುದುಕಿ ಕೇಳಿದಳು.

"ಪೇಟೆಗೆ ಹೋಗಿದ್ದಾಳೆ. ಗಾರ್ನೆಟ್ ಲಾರಿಯಲ್ಲಿ" ಎಂದ ಏವರ್ಡ್.

"ಹಾಸು ನೋಡಿದ್ದು ಅವನಿಗೆ ಹೇಳಿರ್ತಾಳಾ?"

ಬೆಳಿಗ್ಗೆ ಮೆಟ್ಟಿಲ ಮೇಲೆ ಅದನ್ನು ಕೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಮದುವೆಯಾಗುವವನಿಂದ ಅವಳು ಯಾಕೆ ಮುಚ್ಚಿಡುತ್ತಾಳೆ?

ವೆಸ್ಟಾ ಒಲೆಗೆ ಸೌದೆ ಇಡಲು ಎದ್ದಳು. ಅವಳಿಗೂ ಒಲೆಗೂ ನಡುವೆ ಹಾಸು ಬಿದ್ದಿತ್ತು. ಮೂರು ಹೆಜ್ಜೆಯ ದಾರಿ. ಅವಳು ಮೇಜಿನ ಅಂಚು ಹಿಡಿದುಕೊಂಡು, ಗೋಡೆಯ ಬದಿಯಿಂದ ಸುತ್ತಿಹೋದಳು. ಸೌದೆ ಇಟ್ಟು ಬರುವಾಗಲೂ ಹಾಗೆಯೇ ಸುತ್ತಿಬಂದಳು.

ಏವರ್ಡ್ ಅದನ್ನು ನೋಡಿದ.

"ಇದನ್ನ ನೆಲದಿಂದ ಎತ್ತಿದ್ದು ಯಾವಾಗ, ಚಿಕ್ಕಮ್ಮ?"

"ಜುಲೈನಲ್ಲಿ. ಆ ತಿಂಗಳು ಗಾರ್ನೆಟ್ ಬರಿಗೈಯಲ್ಲಿ ಬಂದ. ಬರೆಯೋಕೆ ಪುರಸೊತ್ತಿಲ್ವಂತೆ ಅವನಿಗೆ ಅಂದ. ಆಗಸ್ಟಿನಲ್ಲೂ ಅದನ್ನೇ ಅಂದ, ಕೋರ್ಟಿನಲ್ಲಿ ಸಾಕ್ಷಿ ಹೇಳಿ ಬಂದ ದಿನ."

ಆಕೆ ಕುರ್ಚಿಯಲ್ಲಿ ಕೂತು ಎರಡೂ ಪಾದಗಳನ್ನು ಹಾಸಿನಿಂದ ದೂರಕ್ಕೆ ಎಳೆದುಕೊಂಡಳು.

"ಕಟ್ಟಿದಾಗ ತುಳಿಯೋಕೆ ಅಂತಲೇ ಕಟ್ಟಿದೆ, ಏವರ್ಡ್. ಈಗ ಕಾಲಿಡೋಕೆ ಆಗ್ತಿಲ್ಲ."